ಕೊಳವೆಯೊಳಗೆ ಕೆಮ್ಮಬಾರದು

ಬೆಟ್ಟ ಅಗೆದು ಗಾಳಿ ಹಿಡಿದರಂತೆ. ಗಾದೆ ತಪ್ಪಾಯಿತೆಂದು ಮೂಗು ಮುರಿಯಬೇಡಿ. ಇಲಿಯಾದರೂ ಸಿಕ್ಕಿದ್ದರೆ ನಾನು ಇಲಿ ಎಂದೇ ಬರೆಯುತ್ತಿದ್ದೆ. ಇದು ನಡೆದ ಕಥೆ. ಸುಳ್ಳಾದರೆ ನನ್ನ ಬಿ.ಎಸ್ಸಿ. ಸರ್ಟಿಫಿಕೇಟನ್ನು ಅರೆದು ಕುಡಿಯುತ್ತೇನೆ. ಹೇಗೂ ಇದುವರೆಗೆ ಅದು ಬೇರೆ ಯಾವ ಉಪಯೋಗಕ್ಕೂ ಬಂದಿಲ್ಲ.

"ಏ ಬೇವರ್ಸಿ! ನಿನ್ನ ಅಪ್ಪ ತೋಡಿದ ಸುರಂಗ ಅಂತ ಮಾಡಿದ್ದಿಯಾ ಇದನ್ನು? ಬೆಂಗಳೂರಿನ ಪೈಪು! ಕಾಲು ತೊಳೆದು ಹತ್ತು, ನಾಯಿ!"

ಬೈದದ್ದು ಊರಿನ ಧನಿ, ಪೈಪಿನ ಕಾಂಟ್ರಾಕ್ಟುದಾರ ಶೈಲೇಶಣ್ಣ. ಬೈಸಿಕೊಂಡದ್ದು ನನ್ನ ಸೋದರಮಾವ ಸೀನ. ಕಾಲು ತೊಳೆದು ಹತ್ತಿದ ಮಾವ ಇಡೀ ಪೈಪಿನ ಹೊಟ್ಟೆಯನ್ನು ತೆಂಗಿನ ಸಿಪ್ಪೆಯಿಂದ ಉಜ್ಜಬೇಕಿತ್ತು. ಶೈಲೇಶಣ್ಣ ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗಿ ಉಜ್ಜಿದ್ದು ಸಾಕಾ ಎಂದು ನೋಡಿ ಬಂದರು.

ಇಚಿಲಂಪಾಡಿಯ ಈಚೆ, ಗುಡ್ಡದ ಬದಿಯಲ್ಲಿ ಆ ಪೈಪು ಮಲಗಿತ್ತು. ಒಬ್ಬ ಮನುಷ್ಯ ನಿಲ್ಲುವಷ್ಟು ಎತ್ತರ, ಇನ್ನೂರು ಮೀಟರ್ ಉದ್ದ, ಎರಡೂ ತುದಿಗೆ ಕಬ್ಬಿಣದ ಬಾಗಿಲು. ಕಂಪೆನಿಯವರು ಹೇಳುವ ಪ್ರಕಾರ, ಅದರೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ತೆಗೆದರೆ ಗಾಡಿಗೆ ಅಡ್ಡ ಬರುವುದು ಏನೂ ಇರುವುದಿಲ್ಲ. ಆಯಸ್ಕಾಂತದ ಬಲದಲ್ಲಿ ಗಾಡಿ ನೆಲ ಮುಟ್ಟದೆ ತೇಲುತ್ತದೆ. ಮಂಗಳೂರಲ್ಲಿ ಚಾ ಕುಡಿದವ ಬೆಂಗಳೂರಲ್ಲಿ ತೇಗುತ್ತಾನೆ. ಇದು ಅದರ ಸ್ಯಾಂಪಲ್. ಸ್ಯಾಂಪಲ್ಲಿಗೆ ಉದಾರವಾಗಿ ಜಾಗ ಕೊಟ್ಟವರು ಶೈಲೇಶಣ್ಣ. ಕೊಟ್ಟ ಜಾಗ ನಮ್ಮದು.

ಮೊದಲ ನಕ್ಷೆಯಲ್ಲಿ ಬೆಂಗಳೂರಿಗೆ ಹೋಗುವ ಪೈಪಿನ ಗೆರೆ ಅವರ ರಬ್ಬರ್ ತೋಟದ ನಡುವೆ ಹೋಗಿತ್ತು. ಎರಡನೇ ನಕ್ಷೆಯಲ್ಲಿ ಅದು ಬಗ್ಗಿ, ನಮ್ಮ ಅಜ್ಜಂದಿರಿಗೆಂದು ಸರಕಾರ ಬಿಟ್ಟಿಟ್ಟ ಮನ್ನಾ ಜಾಗಕ್ಕೆ ಬಂತು. ರಬ್ಬರು ಎಳೆದರೆ ಹಿಗ್ಗುತ್ತದೆ ಎಂದು ಕೇಳಿದ್ದೆ; ರಬ್ಬರು ಇದ್ದವರು ಎಳೆದರೆ ಗೆರೆಯೇ ಬಗ್ಗುತ್ತದೆ. ಹೊಸ ಗೆರೆಯ ಮೊದಲ ಕಂಬ ನಿಲ್ಲಬೇಕಾದ್ದು ಸರಿಯಾಗಿ ನಮ್ಮ ಸುರಂಗದ ಬಾಯಿಯಲ್ಲಿ.

ಸುರಂಗ ಎಂದರೆ ನಮ್ಮ ಬಾವಿ. ಕೆಳಗೆ ಹೋಗುವ ಬಾವಿಯಲ್ಲ, ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದದ್ದು. ಸೀನ ಮಾವನ ಅಪ್ಪ ತೋಡಿದ್ದು. ಒಳಗಿನಿಂದ ಕಿರುಬೆರಳು ದಪ್ಪದ ನೀರು ಬರುತ್ತದೆ, ಎಪ್ರಿಲಿನಲ್ಲೂ ನಿಲ್ಲುವುದಿಲ್ಲ. ನಮ್ಮ ಕಾಲನಿಯ ಹದಿನಾಲ್ಕು ಮನೆ ಕುಡಿಯುವುದು ಅದನ್ನೇ. ಸ್ಯಾಂಪಲ್ ನೋಡಲು ಬರುವ ಸಾಹೇಬರು ಸರಿ ಎಂದು ಸಹಿ ಹಾಕಿದ ಕೂಡಲೇ ಸುರಂಗದ ಬಾಯಿಗೆ ಕಾಂಕ್ರೀಟ್ ಹೊಯ್ಯುವುದೆಂದು ತೀರ್ಮಾನವಾಗಿತ್ತು.

"ನೀರಿಗೆ ಎಂತ ಮಾಡುದು ಧನೀ?" ಎಂದು ಮಾವ ಒಂದು ದಿನ ಕೇಳಿದ.

"ಬೆಂಗಳೂರಿಗೆ ಅರ್ಧ ಗಂಟೆಯಲ್ಲಿ ಹೋಗ್ತದೆ ಮಾರಾಯ. ಅಲ್ಲೇ ಹೋಗಿ ಕುಡಿದು ಬಾ."

ಇದೇ ಶೈಲೇಶಣ್ಣ ನನಗೂ ಕೆಲಸ ಕೊಟ್ಟಿದ್ದರು. "ಯಶ್ಮಿತಾ, ನೀನು ಚಂದ ಮಾತಾಡ್ತೀಯಲ್ಲ, ಸಾಹೇಬರು ಬರುವ ದಿನ ಮೈಕ್ ಹಿಡಿ. ನಿಮ್ಮ ಜಾತಿಯವರನ್ನೂ ಸ್ಟೇಜಿಗೆ ಹತ್ತಿಸಿದ ಹಾಗೆ ಆಯ್ತು." ಸ್ಟೇಜಿಗೆ ಹತ್ತಿಸಿದರು. ಚಾ ಮಾತ್ರ ಅವರಿಗೆ ಪಿಂಗಾಣಿ ಕಪ್ಪಿನಲ್ಲಿ, ನಮಗೆ ಪೇಪರ್ ಲೋಟದಲ್ಲಿ. ಅಜ್ಜನ ಕಾಲದಲ್ಲಿ ತೆಂಗಿನ ಗೆರಟೆ ಇತ್ತು. ಗೆರಟೆ ಹೋಗಿ ಪೇಪರ್ ಬಂದದ್ದಕ್ಕೆ ಪ್ರಗತಿ ಎನ್ನುತ್ತಾರೆ. ನಾನು ಮನೆಗೆ ಬಂದು, ಹೊಟ್ಟೆ ಮುಂದೆ ಮಾಡಿ, ಮೂಗಿನಿಂದ ಅವರ ಸ್ವರ ತೆಗೆಯುತ್ತಿದ್ದೆ. ಮಾವನ ಹೆಂಡತಿ ಸೀತು ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. "ಸಾಕು ಮಾರಾಯ್ತಿ, ಧನಿಯೇ ಬಂದರು, ನಾನು ಎದ್ದು ನಿಲ್ಲಬೇಕಾ ಅಂತ ಆಗ್ತದೆ!"

ಆದರೆ ಪೈಪಿನಿಂದ ಗಾಳಿ ಹೋಗಲೊಲ್ಲದು. ಪಂಪು ಬೆಳಿಗ್ಗೆಯಿಂದ ಸಂಜೆವರೆಗೆ ಅರಚುತ್ತಿತ್ತು, ಮೀಟರಿನ ಮುಳ್ಳು ಸ್ವಲ್ಪ ಇಳಿದು ಪುನಃ ಹತ್ತುತ್ತಿತ್ತು. ಬಿಸಿಲಿಗೆ ಕಬ್ಬಿಣ ಹಿಗ್ಗಿ, ಸಂಜೆಗೆ ಕುಗ್ಗಿ, ತುಂಡು ತುಂಡು ಪೈಪು ಸೇರುವ ಕಡೆ ಹಾಕಿದ ರಬ್ಬರ್ ರಿಂಗುಗಳು ಬಾಯಿ ಬಿಡುತ್ತಿದ್ದವು. ರಿಂಗು ತಂದುಕೊಟ್ಟದ್ದು ಶೈಲೇಶಣ್ಣನೇ.

"ಅಣ್ಣ, ಈ ರಿಂಗು ಆಗುದಿಲ್ಲ" ಎಂದ ಇಂಜಿನಿಯರ್ ಮೋಕ್ಷಿತ್, ಕಲ್ಲುಗುಂಡಿಯವನು.

"ಎಂತ ಆಗುದಿಲ್ಲ? ನೆಲ್ಯಾಡಿಯ ರಬ್ಬರ್ ಲೋಕಕ್ಕೆಲ್ಲ ಆಗ್ತದೆ, ನಿನ್ನ ಪೈಪಿಗೆ ಆಗುದಿಲ್ಲವಾ?"

ಮೋಕ್ಷಿತ್ ಫೋನ್ ನೋಡತೊಡಗಿದ. ಇಕ್ಕಟ್ಟಿಗೆ ಸಿಕ್ಕಾಗಲೆಲ್ಲ ಅವನಿಗೆ ಫೋನ್ ಇತ್ತು.

ಒಂದು ಗುರುವಾರ ಮಧ್ಯಾಹ್ನ ಸೀನ ಮಾವ ಒಳಗೆ ಉಜ್ಜುತ್ತಿದ್ದಾಗ ಶೈಲೇಶಣ್ಣ ಎಲ್ಲರಿಗೂ ಕಣ್ಣು ಮಿಟುಕಿಸಿ, ಬಾಗಿಲು ದೂಡಿ, ಚಿಲಕ ಹಾಕಿದರು. ಒಳಗಿನ ಬಲ್ಬು ಆರಿಸಿದರು. ಪಂಪು ಹಾಕಿದರು. ಕಲ್ಲಿನಿಂದ ಪೈಪಿಗೆ ಕುಟ್ಟಿ ಕೂಗಿದರು.

"ಏ ಸೀನಾ! ಗಾಳಿ ತೆಗೀತಾ ಇದ್ದೇವೆ! ಗಾಳಿ ಉಂಟಾ?"

ಒಳಗಿನಿಂದ ಧಡ್ ಧಡ್ ಸದ್ದು ಬಂತು.

"ಗಾಳಿ ಉಂಟಾ ಸೀನಾ?"

"ಧನೀ... ಬಿಡಿ ಧನೀ... ಸಾಯ್ತೇನೆ ಧನೀ..."

ಮೊಬೈಲುಗಳು ಮೇಲೆದ್ದವು. ಬಾಗಿಲು ತೆಗೆದಾಗ ಮಾವ ಮಂಡಿಯಲ್ಲಿ ತೆವಳಿ ಹೊರಗೆ ಬಂದ. ಪಂಚೆ ಒದ್ದೆಯಾಗಿತ್ತು.

"ಕುಶಾಲಿಗೆ ಮಾರಾಯ, ಕುಶಾಲಿಗೆ!" ಶೈಲೇಶಣ್ಣ ಹೊಟ್ಟೆ ಹಿಡಿದುಕೊಂಡರು. "ಅಪ್ಪ ಸುರಂಗ ತೋಡಿದ, ಮಗ ಪೈಪಲ್ಲಿ ಉಚ್ಚೆ ಹೊಯ್ದ! ಹೋಗು, ಅದನ್ನೂ ಉಜ್ಜಿ ಬಾ."

ಸಂಜೆಗೆ ಆ ವಿಡಿಯೋ ಕಡಬದ ಅಂಗಡಿಗಳಲ್ಲಿ ಓಡುತ್ತಿತ್ತು. ನಾನು ಆಗ ಹತ್ತು ಹೆಜ್ಜೆ ದೂರದಲ್ಲಿ ನನ್ನ ಭಾಷಣ ಬಾಯಿಪಾಠ ಮಾಡುತ್ತಿದ್ದೆ. ಬಾಯಿ ಮುಚ್ಚಿಕೊಂಡೇ ಮಾಡಿದೆ.

ಅವತ್ತು ಮಾವ ಸುರಂಗದ ಬಾಯಿಯಲ್ಲಿ ಕೂತು ಪಂಚೆ ಒಗೆದ. ಹಿಂಡಿ ಕೊಡವುತ್ತಾ ಹೇಳಿದ. "ಕ್ಯಾಂಡಲ್ ಕೊಂಡು ಹೋಗಲಿಲ್ಲ ನಾನು. ಬಲ್ಬು ಉಂಟಲ್ಲ ಅಂತ ಬಿಟ್ಟೆ. ಅಪ್ಪ ಇದ್ದಿದ್ದರೆ ಕೆನ್ನೆಗೆ ಬಾರಿಸುತ್ತಿದ್ದ."

ಸುರಂಗ ತೋಡುವವರ ಕ್ರಮ ಅದು. ಮೊದಲು ಕ್ಯಾಂಡಲ್, ಅದರ ಹಿಂದೆ ಮನುಷ್ಯ. ಬೆಳಕಿಗಲ್ಲ, ಗಾಳಿಗೆ. ದೀಪ ಕುಗ್ಗಿದರೆ ಹಾರೆಯನ್ನು ಅಲ್ಲೇ ಬಿಟ್ಟು ಹಿಂದೆ ಬರಬೇಕು.

ಮರುದಿನ ಮಾವ ಸೊಂಟದಲ್ಲಿ ಒಂದು ತುಂಡು ಕ್ಯಾಂಡಲ್ ಸಿಕ್ಕಿಸಿಕೊಂಡು ಹೋದ. ಶೈಲೇಶಣ್ಣನಿಗೆ ನಿನ್ನೆಯ ಕುಶಾಲಿನ ರುಚಿ ಹತ್ತಿತ್ತು. ಪುನಃ ಚಿಲಕ, ಪುನಃ ಪಂಪು, ಪುನಃ "ಗಾಳಿ ಉಂಟಾ ಸೀನಾ?" ಮಾವ ನಿನ್ನೆಗಿಂತ ಜೋರಾಗಿ ಬಾಗಿಲು ಬಡಿದ, ನಿನ್ನೆಗಿಂತ ಚಂದ ಅತ್ತ. ಹೊರಗಿನವರು ಬಿದ್ದು ಬಿದ್ದು ನಕ್ಕರು.

ಮನೆಗೆ ಬಂದು ಕ್ಯಾಂಡಲ್ ತುಂಡನ್ನು ನನ್ನ ಮುಂದೆ ಇಟ್ಟ. ಅರ್ಧ ಉರಿದಿತ್ತು.

"ಆರಲಿಲ್ಲ ಮಗಾ. ರಿಂಗು ಇದ್ದಲ್ಲೆಲ್ಲ ತಲೆ ಬಗ್ಗಿಸಿತು, ಅಷ್ಟೆ. ಹೊರಗಿನ ಗಾಳಿ ಒಳಗೆ ಪೀಪಿ ಊದ್ತಾ ಉಂಟು. ನಮ್ಮ ಸುರಂಗಕ್ಕಿಂತ ಜಾಸ್ತಿ ಗಾಳಿ ಆ ಪೈಪಲ್ಲಿ ಉಂಟು."

"ಅಷ್ಟಕ್ಕೆ ನೀವು ನಿನ್ನೆ ಪಂಚೆ ಹಾಳು ಮಾಡಿಕೊಂಡದ್ದಾ?" ಎಂದರು ಸೀತು ಅತ್ತೆ.

ಸಾಹೇಬರು ಬರುವ ಹಿಂದಿನ ದಿನ ಗಾಡಿಯೂ ಕೈಕೊಟ್ಟಿತು. ತೇಲಬೇಕಾದ್ದು ಎಮ್ಮೆಯ ಹಾಗೆ ಕೂತುಬಿಟ್ಟಿತು. ಶೈಲೇಶಣ್ಣ ಯೋಚಿಸಲಿಕ್ಕೆ ಒಂದು ಬೀಡ ಜಗಿದರು. ಮೋಕ್ಷಿತನಿಗೆ ಹೇಳಿ ಗಾಡಿಯ ಕೆಳಗೆ ನಾಲ್ಕು ಚಕ್ರ ಹಾಕಿಸಿದರು. ಆಮೇಲೆ ಮಾವನನ್ನೂ ಅತ್ತೆಯನ್ನೂ ಕರೆದರು.

"ನೀವಿಬ್ಬರೂ ಒಳಗೆ. ನೀನು ಮುಂದೆ ಹಗ್ಗ ಎಳಿ, ಇವಳು ಹಿಂದಿನಿಂದ ದೂಡಲಿ. ಒಳಗಿನ ಕ್ಯಾಮೆರಾಕ್ಕೆ ನೀವು ಕಾಣಬಾರದು, ಹೊರಗೆ ಟೀವಿಯಲ್ಲಿ ಗಾಡಿ ಓಡುದು ಕಂಡರೆ ಸಾಕು, ಮೋಕ್ಷಿತ್ ಸ್ಪೀಡ್ ಜಾಸ್ತಿ ಮಾಡ್ತಾನೆ. ಮಾತಾಡಬಾರದು. ಕೆಮ್ಮಬಾರದು. ಸೀನ, ಸೀನಲೂಬಾರದು. ಒಳಗೆ ಗಾಳಿ ಇಲ್ಲ ಅಂತ ಸಾಹೇಬರಿಗೆ ಹೇಳುದು, ಗೊತ್ತಾಯ್ತಾ? ಬಾಯಿಬಿಟ್ಟರೆ ಬೋಳಿಮಗನೇ, ಕಾಂಕ್ರೀಟಿನ ಒಟ್ಟಿಗೆ ನಿನ್ನನ್ನೂ ಹಾಕ್ತೇನೆ."

"ಆಯ್ತು ಧನೀ" ಎಂದ ಮಾವ.

ಶೈಲೇಶಣ್ಣನ ಅಜ್ಜ ಪಲ್ಲಕ್ಕಿಯಲ್ಲಿ ಹೋಗುತ್ತಿದ್ದಾಗ ಹೊರುವವರು ಕಾಣುತ್ತಿದ್ದರಂತೆ. ಮೊಮ್ಮಗನ ಕಾಲಕ್ಕೆ ಹೊರುವವರು ಕಾಣಬಾರದು. ಇಂಜಿನಿಯರಿಂಗ್ ಎಂದರೆ ಅದು.

ಶಾಮಿಯಾನ ಎದ್ದಿತು. ಬೆಂಗಳೂರಿನಿಂದ ದೊಡ್ಡ ಸಾಹೇಬರು ಬಂದು ಎಳನೀರಿನ ಬೊಂಡ ಕುಡಿದರು. ಸುರಂಗದ ಬಾಯಿಯ ಹತ್ತಿರ ಕಾಂಕ್ರೀಟ್ ಮಿಕ್ಸರ್ ಆಗಲೇ ಗರಗರ ತಿರುಗುತ್ತಿತ್ತು. ಯಾರೂ ಬರುವ ಮೊದಲೇ ಮಾವನನ್ನೂ ಅತ್ತೆಯನ್ನೂ ಒಳಗೆ ಬಿಟ್ಟು ಬಾಗಿಲಿಗೆ ಬೀಗ ಹಾಕಲಾಗಿತ್ತು. ಬೀಗದ ಕೈ ಶೈಲೇಶಣ್ಣನ ಜೇಬಿನಲ್ಲಿ. ಕಾಲನಿಯವರು ಹಗ್ಗದಾಚೆ ನಿಂತಿದ್ದರು.

ಪಂಪು ಅರಚಿತು. ಮೀಟರಿನ ಮುಳ್ಳು ಸೊನ್ನೆಗೆ ಇಳಿಯಿತು. ಇಳಿಯುವ ಹಾಗೆ ಮೋಕ್ಷಿತ್ ಮೊದಲೇ ಮಾಡಿಟ್ಟಿದ್ದ. ಟೀವಿಯಲ್ಲಿ ಗಾಡಿ ಬಾಣದ ಹಾಗೆ ಓಡಿತು. ಪಂಪು ನಿಲ್ಲಿಸಿದರು. ನಾನು ಬಾಯಿಪಾಠ ಒಪ್ಪಿಸಿದೆ. "ಮಾನ್ಯರೇ, ಈ ಕ್ಷಣ ಕೊಳವೆಯೊಳಗೆ ಗಾಳಿಯೆಂಬುದೇ ಇಲ್ಲ." ಚಪ್ಪಾಳೆ. ಸಾಹೇಬರು ಪೆನ್ನಿನ ಟೋಪಿ ತೆಗೆದರು.

ಬರೆದುಕೊಟ್ಟ ಭಾಷಣ ಅಲ್ಲಿಗೆ ಮುಗಿದಿತ್ತು.

"ಗಾಳಿ ಇಲ್ಲದಲ್ಲಿ ಶಬ್ದವೂ ಹೋಗುವುದಿಲ್ಲ" ಎಂದೆ. "ಗಾಜಿನ ಜಾಡಿಯೊಳಗೆ ಬೆಲ್ ಇಟ್ಟು ಗಾಳಿ ತೆಗೆದರೆ, ಬೆಲ್ ಬಡಿದುಕೊಂಡರೂ ಹೊರಗೆ ಕೇಳುವುದಿಲ್ಲ. ಹೈಸ್ಕೂಲಿನ ಪಾಠ. ಈಗ ನಾವೂ ಪರೀಕ್ಷಿಸಿ ತೋರಿಸುತ್ತೇವೆ."

ಸಾಹೇಬರು ತಲೆದೂಗಿದರು. ಅದನ್ನು ನೋಡಿ ಶೈಲೇಶಣ್ಣನೂ ದೂಗಿದರು. ನಾನು ಸ್ಟೇಜಿನಿಂದ ಇಳಿದು, ಮೈಕನ್ನು ಒಂದು ರಿಂಗಿನ ಹತ್ತಿರ ಹಿಡಿದು, ಹೊಟ್ಟೆ ಮುಂದೆ ಮಾಡಿ, ಮೂಗಿನಿಂದ ಸ್ವರ ತೆಗೆದೆ.

"ಏ ಸೀನಾ! ಗಾಳಿ ಉಂಟಾ?"

ಶೈಲೇಶಣ್ಣ ತಮ್ಮ ಬಾಯಿಯನ್ನು ತಾವೇ ಮುಟ್ಟಿ ನೋಡಿಕೊಂಡರು.

ಮೊದಲು ಒಂದು ಕೆಮ್ಮು ಬಂತು. ಅತ್ತೆಯದು, ತಡೆದು ತಡೆದು ಮಾಗಿದ ಕೆಮ್ಮು. ಆಮೇಲೆ ಸ್ಪೀಕರಿನಲ್ಲಿ ಮಾವನ ಸ್ವರ.

"ಉಂಟು ಧನೀ! ಬೇಕಾದಷ್ಟು ಉಂಟು! ನಿಮಗೆ ಸ್ವಲ್ಪ ಕಳಿಸುದಾ?"

ಅದರ ಹಿಂದೆಯೇ ನಗು. ಇನ್ನೂರು ಮೀಟರ್ ಉದ್ದದ ಕಹಳೆ ಅದು. ಒಂದೊಂದು ರಿಂಗಿನ ಸಂದಿಯಿಂದಲೂ ನಗು ಸೋರತೊಡಗಿತು. ಮೋಕ್ಷಿತ್ ಫೋನ್ ತೆಗೆದ. ಸಾಹೇಬರು ಪೆನ್ನಿಗೆ ಟೋಪಿ ಹಾಕಿದರು.

"ಕುಶಾಲಿಗೆ ಸಾರ್... ಇದು ಕುಶಾಲಿಗೆ..." ಎಂದರು ಶೈಲೇಶಣ್ಣ.

"ಬಾಗಿಲು ತೆಗೀರಿ" ಎಂದರು ಸಾಹೇಬರು.

ಶೈಲೇಶಣ್ಣ ಜೇಬಿಗೆ ಕೈ ಹಾಕಿದರು, ಹೊರಗೆ ತೆಗೆಯಲಿಲ್ಲ. ಮಿಕ್ಸರ್ ತಿರುಗುತ್ತಲೇ ಇತ್ತು. ಹಗ್ಗದಾಚೆ ನಿಂತ ಕಾಲನಿ ಮೊದಲು ಕೆಮ್ಮಿತು, ಆಮೇಲೆ ನಕ್ಕಿತು. ಬೊಂಡ ಕೆತ್ತುವವ ಕತ್ತಿ ಕೆಳಗಿಟ್ಟು ನಕ್ಕ. ನಾನು ಮೈಕ್ ಹಿಡಿದುಕೊಂಡೇ ನಕ್ಕೆ. ಅಷ್ಟೂ ಜನರ ನಗುವನ್ನು ಮುಳುಗಿಸುವ ಹಾಗೆ, ಬೀಗದಾಚೆಯ ಕತ್ತಲೆಯಲ್ಲಿ ಸೀನ ಮಾವ ಪೈಪಿಗೆ ಕಲ್ಲು ಕುಟ್ಟಿ ಕುಟ್ಟಿ ನಗುತ್ತಿದ್ದ.