ಅಂಗಿಯ ಮೇಲೆ ಎಣ್ಣೆ

“ಅಂಗಿ ತಗಿ, ಅಣ್ಣಾ. ಅಂಗಿಗೆ ಎಣ್ಣಿ ಹಚ್ಚಲೇನು?”

ದೀಪಾವಳಿಯ ನಸುಕು. ಶಿರೂರಿನಿಂದ ಬಂದ ಹನಮವ್ವ ಎಣ್ಣೆಯ ಬಟ್ಟಲು ಹಿಡಿದು ಅಣ್ಣನ ಹಿಂದೆ ನಿಂತಿದ್ದಳು. ಮಣೆಯ ಮೇಲೆ ಕೂತ ನಮ್ಮಜ್ಜ ಗುರಪ್ಪ ಗುಂಡಿಗೆ ಕೈ ಹಚ್ಚಲಿಲ್ಲ.

“ಥಂಡಿ ಐತಿ. ತಲಿಗಷ್ಟ ಹಚ್ಚು.”

“ಇಳಕಲ್ಲಾಗ ಥಂಡಿ! ಹೊಸ ಸೊಸಿಗತೆ ನಾಚತಾನ ನೋಡ್ರಿ ಮುದುಕ!”

ಮನೆಮಂದಿಯೆಲ್ಲ ನಕ್ಕೆವು.

ಬರಿಮೈಯಲ್ಲೇ ಮಗ್ಗದ ಕುಣಿಗೆ ಇಳಿಯುತ್ತಿದ್ದ ಅಜ್ಜ, ಬೇಸಿಗೆಯಿಂದ ದಪ್ಪ ಅಂಗಿ ತೊಟ್ಟೇ ಸೀರೆ ನೇಯುತ್ತಿದ್ದ. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನೆಲುಬಿಗೆ ಹಬ್ಬಿದೆಯೆಂದು ಬಾಗಲಕೋಟೆಯ ಡಾಕ್ಟರು ಗುಳಿಗೆ ಬರೆದಿದ್ದರು. ಗಂಡಸಿನ ಹಾರ್ಮೋನಿನ ಕೆಲಸ ತಡೆಯುವ ಗುಳಿಗೆ. ನೋವು ಇಳಿದು ಅಜ್ಜ ಮತ್ತೆ ಮಗ್ಗಕ್ಕೆ ಕೂತಿದ್ದ. ಕಣ್ಣು ಹಳದಿಯಾದರೆ ಲಿವರಿಗೆ ಪೆಟ್ಟು ಬಿದ್ದಂತೆ, ಓಡಿ ಬರಬೇಕು ಎಂದು ಡಾಕ್ಟರು ಹೇಳಿದ್ದನ್ನು ಮನೆಯಲ್ಲಿ ತಿಳಿಸಿದ್ದ. ಅದಕ್ಕೇ ಅಜ್ಜಿ ಯಮನವ್ವ ದಿನಾ ಬೆಳಿಗ್ಗೆ ಅವನನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ, ರೆಪ್ಪೆ ಎಳೆದು ನೋಡುತ್ತಿದ್ದಳು. ಡಾಕ್ಟರ ಇನ್ನೊಂದು ಮಾತನ್ನು ಅಜ್ಜ ನುಂಗಿದ್ದ.

ಹೋದ ತಿಂಗಳು ಅಜ್ಜಿ ನಮಗೆ, ಹೊಂಡದಲ್ಲಿ ಮುಳುಗಿ ಏಳುವಷ್ಟರಲ್ಲಿ ಹೆಣ್ಣಾಗಿದ್ದ ರಾಜನ ಕಥೆ ಹೇಳುವಾಗ ಅಜ್ಜ ನಡುವೆಯೇ ಎದ್ದು ಹೋಗಿದ್ದ. ನನ್ನ ಮನಸ್ಸು ರಾಜನ ಹಿಂದೆ ಹೋಗಿತ್ತು; ಅಜ್ಜನ ಹಿಂದೆ ಹೋಗಲಿಲ್ಲ.

ಹನಮವ್ವ ಚೇಷ್ಟೆಗೆಂದು ಹಿಂದಿನಿಂದ ಕೈ ಹಾಕಿ ಗುಂಡಿ ಎಳೆದಳು. ಅಂಗೈ ಎದೆಗೆ ತಾಗಿದ್ದೇ ಅಜ್ಜ “ಯವ್ವಾ” ಎಂದು ಚೀರಿ ಎರಡೂ ತೋಳು ಎದೆಗೆ ಅಡ್ಡ ಹಿಡಿದ. ಅಷ್ಟರಲ್ಲೇ ಉಬ್ಬಿದ ಎದೆ ಎಲ್ಲರಿಗೂ ಕಂಡಿತ್ತು. ನಾನು ಗೋಡೆಯತ್ತ ಮುಖ ತಿರುವಿದೆ.

“ಗುಳಿಗಿದ ಕೆಲಸ,” ಅಜ್ಜ ನೆಲ ನೋಡುತ್ತ ಹೇಳಿದ. “ಹಿಂಗ ಆಗಬಹುದು, ಆದ್ರ ಬಂದು ಹೇಳ್ರಿ ಅಂದಿದ್ರು ಡಾಕ್ಟರು. ಹೆಂಗ ಹೇಳ್ಲಿ? ಹಬ್ಬದೊಳಗ ಎದಿ ಇಳೀಲಿ ಅಂತ ಗುಳಿಗಿ ಬಿಟ್ಟೇನಿ.”

“ಗುಳಿಗಿ ಬಿಟ್ಟೀರೇನು?” ಅಜ್ಜಿಯ ದನಿ ಒಡೆಯಿತು. “ದಿನಾ ಕಣ್ಣು ನೋಡಾಕಿ ನಾ. ನನಗರ ಹೇಳಬಾರದ?”

“ನಿನಗ ಹೇಳೂದ ಭಾಳ ಕಷ್ಟಿತ್ತು.”

ಹನಮವ್ವ ಅಣ್ಣನ ಅಂಗಿಯನ್ನು ಮುಂದೆ ಮುಚ್ಚಿ, ಹಿಂದಿನಿಂದಷ್ಟೇ ಮೇಲೆತ್ತಿ ಬೆನ್ನಿಗೆ ಎಣ್ಣೆ ಸವರಿದಳು. ಕೈ ಸೊಂಟದ ಹತ್ತಿರ ಬಂದಾಗ ಅಜ್ಜ ಹಲ್ಲು ಕಚ್ಚಿದ.

“ನೋವು ಮತ್ತ ಸುರು ಆಗೇತೇನು, ಅಣ್ಣಾ?”

ಅಜ್ಜ ಹೌದೆಂದು ತಲೆಯಾಡಿಸಿದ.

“ಹಬ್ಬ ಮುಗಿದ ಕೂಡ್ಲೆ ಬಾಗಲಕೋಟಿಗೆ ಹೋಗೂಣು. ಡಾಕ್ಟರ ಮುಂದ ಅಂಗಿ ತಗಿಬೇಕು. ಗುಳಿಗಿ ಬಿಟ್ಟಿದ್ದೂ ಹೇಳಬೇಕು.”

ಅಜ್ಜ ಅಂಗಿಯನ್ನು ಬೆನ್ನ ಮೇಲೆ ಇಳಿಸಿಕೊಂಡ. ಎಣ್ಣೆ ಅಂಗಿಗೂ ಹತ್ತಿತು.

“ಬರ್ತೇನಿ,” ಎಂದ. ಆಮೇಲೆ, ನನ್ನ ಕಡೆ ನೋಡದೆ, “ಈ ಹುಡಿಗಿ ಬರೂದು ಬ್ಯಾಡ.”