ಪ್ರೌಸ್‌ಗೆ ಒಂದು ಪ್ರಶ್ನೆ

"ಪಕ್ಕದಲ್ಲಿ ಕೂತಿರೋ ಹುಡುಗಿ ಹೆಸರೇನು? ಎದೆ ಮೇಲಿನ ಬ್ಯಾಡ್ಜಿನಲ್ಲೇ ಬರೆದಿದೆ. ಇದೂ ಗೊತ್ತಾಗಲ್ವಾ? ತಲೇಲಿ ಏನಾದ್ರೂ ಇದೆಯಾ ನಿಂಗೆ?"

ಡಾಕ್ಟರ್ ಪ್ರೌಸ್ ಕೇಳುತ್ತಿದ್ದುದು ಡೆಲ್ಮಾ ದೊಡ್ಡವ್ವನನ್ನು. ಪಕ್ಕದಲ್ಲಿ ಕೂತ ಹುಡುಗಿ ನಾನು.

"ಕುಮಂಜಯಿ," ಅಂದಳು ದೊಡ್ಡವ್ವ, ನೆಲ ನೋಡುತ್ತ.

"ತಪ್ಪು." ಪ್ರೌಸ್ ಬುದ್ಧಿಪರೀಕ್ಷೆಯ ಹಾಳೆಯಲ್ಲಿ ಸೊನ್ನೆ ಸುತ್ತಿದಳು.

ತಪ್ಪಲ್ಲ. ದೊಡ್ಡವ್ವನ ಮಗಳು ಸತ್ತು ನಾಲ್ಕು ತಿಂಗಳು. ಅವಳದೂ ನನ್ನದೂ ಒಂದೇ ಹೆಸರು. ಸತ್ತವರ ಹೆಸರನ್ನು ನಮ್ಮ ಮೂಲನಿವಾಸಿ ಜನ ಬಾಯಿಗೆ ತರುವುದಿಲ್ಲ. ಅದೇ ಹೆಸರಿನವರನ್ನೆಲ್ಲ ಕುಮಂಜಯಿ ಎಂದೇ ಕರೆಯುತ್ತಾರೆ. ಹೆಸರು ಹಿಡಿದು ಕೂಗಿದರೆ ಹೋದವರು ಅರ್ಧ ದಾರಿಯಲ್ಲಿ ತಿರುಗಿ ನಿಲ್ಲುತ್ತಾರಂತೆ, ಕೆಂಪು ಮಣ್ಣಿನಲ್ಲಿ ಹೆಜ್ಜೆ ಮೂಡದೆ. ನನ್ನಜ್ಜಿ ಹೇಳುತ್ತಿದ್ದಳು. ನಡು ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸಿನ ಈ ತಣ್ಣನೆಯ ಕೋಣೆಯಲ್ಲಿ ಅದನ್ನು ಎರಡು ಸಲ ವಿವರಿಸಿದ್ದೆ. "ಕಥೆ ಬೇಡ, ಅಂಕ ಬೇಕು," ಅಂದಿದ್ದಳು ಪ್ರೌಸ್.

ಸತ್ತವಳ ಮೂರು ವರ್ಷದ ಮಗಳು ಸರ್ಕಾರದ ವಶದಲ್ಲಿದ್ದಾಳೆ. ಅದರ ಅಜ್ಜಿಯಾದ ದೊಡ್ಡವ್ವನ ಬುದ್ಧಿ ನೆಟ್ಟಗಿಲ್ಲ ಎಂದು ವರದಿ ಹೋದರೆ ಮಗು ವಾಪಸು ಬರುವುದಿಲ್ಲ. ಅದೇ ಜನಾಂಗದ ಒಬ್ಬರ ಸಹಿಯಿಲ್ಲದೆ ಆ ವರದಿ ಕೋರ್ಟಿಗೆ ಹೋಗುವಂತಿಲ್ಲ; ಇಲ್ಲಿ ಆ ಒಬ್ಬಳು ನಾನು, ಪ್ರೌಸ್ ಕೈಕೆಳಗಿನ ತರಬೇತಿ ವಿದ್ಯಾರ್ಥಿ. ಪ್ರೌಸ್ ಪಾಸು ಮಾಡದಿದ್ದರೆ ನಾನು ಮನಶ್ಶಾಸ್ತ್ರಜ್ಞೆ ಆಗುವಂತಿಲ್ಲ. ಆರು ವರ್ಷ ಓದಿದ್ದೇನೆ. ನನ್ನ ಕೈಗಳು ಮೇಜಿನ ಮೇಲೆ ಯಾರೋ ಮರೆತು ಹೋದವುಗಳಂತೆ ಬಿದ್ದಿದ್ದವು.

"ನಿನ್ನ ಮಗಳ ಹೆಸರು?"

ದೊಡ್ಡವ್ವ ಬಾಯಿಗೆ ಕೈ ಅಡ್ಡ ಹಿಡಿದಳು.

"ಹೆತ್ತ ಮಗಳ ಹೆಸರೂ ನೆನಪಿಲ್ಲ." ಇನ್ನೊಂದು ಸೊನ್ನೆ. ಆಮೇಲೆ ಪ್ರೌಸ್ ತಾನೇ ಆ ಹೆಸರನ್ನು ಗಟ್ಟಿಯಾಗಿ ಹೇಳಿದಳು.

ದೊಡ್ಡವ್ವ ಎರಡೂ ಕಿವಿ ಮುಚ್ಚಿಕೊಂಡಳು. "ನಿನ್ ಬಾಯಿ ಸೇದೋಗ! ಸುಮ್ಕಿರೇ ಮುಂಡೆ!"

'ಆಕ್ರಮಣಕಾರಿ' ಎಂದು ಬರೆದು ಪ್ರೌಸ್ ವರದಿಯನ್ನು ನನ್ನತ್ತ ತಳ್ಳಿದಳು. "ಸಹಿ ಮಾಡು. ನಿಮ್ಮವರಲ್ಲಿ ಇಷ್ಟು ದೂರ ಬಂದಿರೋದೇ ಹೆಚ್ಚು. ಹಾಳು ಮಾಡ್ಕೋಬೇಡ."

ಸಿಟ್ಟು ಬರಬಹುದೆಂದು ಕಾದೆ. ಬರಲಿಲ್ಲ. ಖಾಲಿ ಪರೀಕ್ಷಾ ಹಾಳೆಯೊಂದನ್ನು ಎಳೆದುಕೊಂಡು ಮೇಲೆ ಪ್ರೌಸ್ ಹೆಸರು ಬರೆದೆ.

"ದೊಡ್ಡವ್ವ, ನೀನೂ ಇವರಿಗೆ ಒಂದು ಪ್ರಶ್ನೆ ಕೇಳು."

"ಕೇಳ್ಲಾ? ಈವಮ್ಮ ಉರ್ಕೊಳಾಕಿಲ್ವಾ?"

"ಉರ್ಕೊಳ್ಲಿ."

ದೊಡ್ಡವ್ವ ಅಂಗಿಯಂಚಿನಿಂದ ಮೂಗು ಒರೆಸಿಕೊಂಡಳು. "ನಿಮ್ಮಜ್ಜಿ ತಂಗಿ ಮೊಮ್ಮಗಳು ಸತ್ತೋದ್ಲು ಅಂತ ಇಟ್ಕೋ. ಅವಳ್ ಕೂಸು ಅಳ್ತಾ ಕೂತದೆ. ಮೊದ್ಲು ಎತ್ಕೋಬೇಕಾದೋರು ಯಾರವ್ವಾ?"

"ಏನು ತಮಾಷೆ ಇದು?"

"ನಮ್ ಕೇರೀಲಿ ಐದು ವರ್ಸದ್ ಮಗಾನೂ ಹೇಳ್ತದೆ."

ಪ್ರೌಸ್ ಗೋಡೆಯ ಗಡಿಯಾರ ನೋಡಿದಳು.

'ನಾನೇ' ಅನ್ನಬೇಕಿತ್ತು; ನಮ್ಮಲ್ಲಿ ಅಜ್ಜಿಯ ತಂಗಿಯ ಮೊಮ್ಮಗಳೂ ಒಡಹುಟ್ಟಿದವಳೇ. ನಾನು ಸೊನ್ನೆ ಸುತ್ತಿದೆ. ಕೆಳಗೆ ಸಹಿ ಹಾಕಿ, ತಾರೀಖು ಬರೆದು, ಆ ಹಾಳೆಯನ್ನು ಅವಳ ವರದಿಯ ಮೇಲಿಟ್ಟೆ. ಆ ದಿನ ನಾನು ಸಹಿ ಹಾಕಿದ್ದು ಅದೊಂದಕ್ಕೇ.