ಹಸಿರು ಮಾರಿ, ಕೆಂಪು ಕೈ

ನಾನು ಒಂದು ಚಿತ್ರಪಟ. ಚಿತ್ರವಾಗುವ ಮೊದಲು ಒಂದು ತುಂಡು ಮಾಂಜರಪಾಟ ಬಟ್ಟೆಯಾಗಿದ್ದೆ. ಆ ದಿನಗಳು ನಿದ್ದೆಯ ಹಾಗೆ ನೆನಪಿವೆ, ಬೆಳ್ಳಗೆ, ಮೆತ್ತಗೆ. ಗದಗಿನ ಒಂದು ಓಣಿಯ ಮನೆಯಲ್ಲಿ ಕುಮುದಿನಿ ಎಂಬ ಡ್ರಾಯಿಂಗ್ ಟೀಚರು ನನ್ನನ್ನು ಮರದ ಚೌಕಟ್ಟಿಗೆ ಬಿಗಿದು, ಸುತ್ತ ಸಣ್ಣ ಮೊಳೆ ಹೊಡೆದಳು. ಹೊಡೆಯುವಾಗ ನಡುನಡುವೆ ಅಂಗೈಯಿಂದ ನನ್ನ ಮೈ ಸವರುತ್ತಿದ್ದಳು, ನೋವಾಯಿತೇನೋ ಎಂಬಂತೆ.

ಮೊದಲು ಮೂಡಿದ್ದು ಕಣ್ಣು. ಮೂಗು, ಬಾಯಿ ಇನ್ನೂ ಇರಲಿಲ್ಲ, ನೋಡುವುದು ಮಾತ್ರ ಇತ್ತು. ಮೂಗಿನ ತುದಿಗೆ ನೀಲಿ ಬಣ್ಣ ಹತ್ತಿಸಿಕೊಂಡ ಕುಮುದಿನಿಯ ಮುಖ ಕಂಡಿತು. ಅವಳ ಹಿಂದೆ, ಕಿಟಕಿಯ ಪಕ್ಕ, ಅವಳ ಅತ್ತೆ ತೋಟವ್ವ ಮೊರದ ತುಂಬ ಒಣಮೆಣಸಿನಕಾಯಿ ಇಟ್ಟುಕೊಂಡು ತೊಟ್ಟು ಬಿಡಿಸುತ್ತ ಕೂತಿದ್ದಳು. ಹೊರಗಿನ ಬೇವಿನ ಮರದಿಂದ ಸೋಸಿ ಬಂದ ಬೆಳಕು ಅವಳ ಕೆನ್ನೆಯ ಮೇಲೆ ಹಸಿರಾಗಿ ಬಿದ್ದಿತ್ತು. ನಾನು ಅವಳ ಮುಖವಾಗಲಿದ್ದೇನೆ ಎಂದು ಆಗ ತಿಳಿಯಿತು.

ಕುಮುದಿನಿ ಕುಂಚ ಬಿಟ್ಟು ಸಣ್ಣ ಚೂರಿಯಿಂದ ಬಣ್ಣವನ್ನು ದಪ್ಪದಪ್ಪವಾಗಿ ಮೆತ್ತಿದಳು. ಕೆನ್ನೆಗೆ ಹಸಿರು, ಕೂದಲಿಗೆ ನೇರಳೆ. ಕೈ ಬರೆಯುವ ಹೊತ್ತಿಗೆ ಮಾತ್ರ ತಡೆದು ನಿಂತಳು. ತೋಟವ್ವ ಎದ್ದು ಹೋಗಿ ಬಚ್ಚಲಿನ ತಣ್ಣೀರಿನಲ್ಲಿ ಕೈ ಅದ್ದಿ, ಸೆರಗಿಗೆ ಒರೆಸಿಕೊಂಡು, ಏನೂ ಆಗದವಳ ಹಾಗೆ ಮತ್ತೆ ಮೊರದ ಮುಂದೆ ಕೂತಳು. ಕುಮುದಿನಿ ಅದನ್ನು ನೋಡಿದಳು. ಆಮೇಲೆ ಬೇರೆ ಯಾವುದನ್ನೂ ಬೆರೆಸದ ಕೆಂಪನ್ನು ತೆಗೆದು ನನಗೆ ಕೈ ಕೊಟ್ಟಳು. ಆ ಕೈಗಳು ನನ್ನ ಮಡಿಲಲ್ಲಿ ಕೆಂಡದ ಹಾಗೆ ಕೂತವು.

ತಾಯಿಯಿಲ್ಲದೆ ಬೆಳೆದ ಕುಮುದಿನಿಗೆ ಇದ್ದದ್ದು ಒಂದೇ ಆಸೆ. ಅತ್ತೆ ನನ್ನ ಮುಂದೆ ನಿಂತು, "ಇದು ನಾನ" ಅನ್ನಬೇಕು.

ತೋಟವ್ವ ನಿಂತಳು. ಕನ್ನಡಕ ಏರಿಸಿ ನೋಡಿದಳು.

"ಯಾರವಾ ಈಕಿ?"

"ನೀವ ಅತ್ತಿ."

"ನಾನ? ನನ್ನ ಮಾರಿ ಹಾಗಲಕಾಯಿ ಆಗೇತೇನ? ಕೈ ನೋಡು, ಕೋಳಿ ಕೊಯ್ದಾಕಿ ಹಂಗ! ಲಿಂಗಾ ಕಟ್ಟಿದ ಮೈ ಅದ ನಂದು!"

ಪಕ್ಕದಲ್ಲಿದ್ದ ಅವಳ ಮಗ, ಕುಮುದಿನಿಯ ಗಂಡ, ನಕ್ಕುಬಿಟ್ಟ. ಅದೇ ತಪ್ಪಾಯಿತು. ತೋಟವ್ವ ನನ್ನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿದಳು. ಸುಣ್ಣದ ಗೋಡೆ ನೋಡುತ್ತ ಎಷ್ಟು ಕಾಲ ಕಳೆದೆನೋ, ಅದರ ಬಿರುಕುಗಳಲ್ಲಿ ನದಿಗಳನ್ನೂ ಒಂಟೆಗಳನ್ನೂ ಕಾಣತೊಡಗಿದ್ದೆ.

ಒಂದು ದಿನ ಪಕ್ಕದ ಮನೆಯ ನೀಲಗಂಗವ್ವ ಬಂದಳು. ಅವಳು ಹೊಸ ಮನೆ ಕಟ್ಟಿಸುತ್ತಿದ್ದಳು, ದೃಷ್ಟಿಬೊಂಬೆ ಬೇಕಿತ್ತು.

"ಬೂದಗುಂಬಳಕ್ಕ ಬಣ್ಣಾ ಹಚ್ಚೂದ್ಯಾಕ, ತೋಟಕ್ಕ? ನಿಮ್ಮ ಸೊಸಿ ಬರದದ್ದು ಐತೆಲ್ಲ, ಅದನ್ನ ಕೊಡ್ರಿ. ಕಂಡವ್ರ ಕಣ್ಣು ತಾವಾಗೇ ಓಡತಾವು!"

"ಒಯ್ಯವಾ. ಎಲ್ಲಿದ್ರೇನು," ಎಂದಳು ತೋಟವ್ವ.

ಹೀಗೆ ನಾನು ಬಿದಿರಿನ ಅಟ್ಟಣಿಗೆಗೆ ಏರಿದೆ. ಅಲ್ಲಿ ಗಾಳಿ ಚೆನ್ನಾಗಿತ್ತು, ಗಿಳಿಗಳು ನನ್ನ ಕೆನ್ನೆ ನೋಡಿ ತಮ್ಮವಳೆಂದು ತಿಳಿದು ಪಕ್ಕದಲ್ಲೇ ಕೂರುತ್ತಿದ್ದವು. ಸಂಜೆ ಶಾಲೆಯಿಂದ ಬರುತ್ತಿದ್ದ ಕುಮುದಿನಿ ತಲೆಯೆತ್ತಿ ನೋಡಿದಳು. ಒಳಗೆ ಹೋಗಿ ಬಣ್ಣದ ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟಳು. ಅಂದಿನಿಂದ ಅವಳು ಮಕ್ಕಳಿಗೆ ಬೋರ್ಡಿನ ಮೇಲೆ ಮಾವಿನಕಾಯಿ ಬರೆದು ತೋರಿಸಿದ್ದು ಬಿಟ್ಟರೆ ಇನ್ನೇನೂ ಬರೆಯಲಿಲ್ಲ.

ಮೊದಲ ಮಳೆ ಬಂದ ದಿನ ನನ್ನನ್ನು ಇಳಿಸಿಕೊಂಡವಳು ತೋಟವ್ವನೇ. ಗೋಡೆ ಕಟ್ಟುತ್ತಿದ್ದ ಗವಂಡಿಯವನಿಗೆ ಬೈದು ಬಿಚ್ಚಿಸಿ, ಸೆರಗಿನಡಿ ಮುಚ್ಚಿಕೊಂಡು ಮನೆಗೆ ಓಡಿದಳು.

"ಯಾಕ ತಂದಿ, ಅವ್ವಾ?" ಮಗ ಕೇಳಿದ.

"ಸೊಸಿ ಊಟಾ ಸರಿ ಮಾಡವಲ್ಲಳು," ಎಂದಳು ತೋಟವ್ವ. ಕುಮುದಿನಿ ಮನೆಗೆ ಬರುವುದರೊಳಗೆ ನನ್ನನ್ನು ಒರೆಸಿ, ಕಿಟಕಿಯ ಎದುರಿನ ಗೋಡೆಗೆ ತಾನೇ ತೂಗುಹಾಕಿದಳು. ಆದರೆ "ಇದು ನಾನ" ಎಂಬ ಮಾತು ಬರಲಿಲ್ಲ. ಪೆಟ್ಟಿಗೆಯೂ ಅಟ್ಟದಿಂದ ಇಳಿಯಲಿಲ್ಲ.

ವರ್ಷಗಳು ಹಗಲುಗನಸಿನ ಹಾಗೆ ಹೋದವು. ಬೇವು ಹೂಬಿಟ್ಟಿತು, ಉದುರಿಸಿತು. ತೋಟವ್ವನ ಕಣ್ಣಿಗೆ ಮಂಜು ಕವಿಯುತ್ತ ಬಂತು. ನರ ಒಣಗಿವೆ, ಇದಕ್ಕೆ ಆಪರೇಷನ್ ಇಲ್ಲ ಎಂದರು ಡಾಕ್ಟರು. ಗೋಡೆಯ ಮೇಲಿನ ಮದುವೆಯ ಫೋಟೋ ಅವಳಿಗೆ ಬೂದಿಯಾಯಿತು. ಮಗನನ್ನು ದನಿಯಿಂದ, ಸೊಸೆಯನ್ನು ಬಳೆಯ ಸದ್ದಿನಿಂದ ಗುರುತಿಸತೊಡಗಿದಳು.

ಒಂದು ಮಧ್ಯಾಹ್ನ ಗೋಡೆ ಹಿಡಿದು ನಡೆಯುತ್ತಿದ್ದವಳು ನನ್ನ ಮುಂದೆ ಗಕ್ಕನೆ ನಿಂತಳು.

"ಕುಮುದಾ, ಇಲ್ಲೇನ ಕೆಂಪಗ ಕಾಣಾಕ ಹತ್ತೇತಿ? ಒಲಿ ಏನ?"

"ಅಲ್ರೀ ಅತ್ತಿ. ನಿಮ್ಮ ಕೈ. ಆ ಚಿತ್ರದಾಗಿಂದು."

ತೋಟವ್ವ ಹತ್ತಿರ ಬಂದಳು. ಆಗಷ್ಟೇ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಅವಳ ಬೆರಳಲ್ಲಿತ್ತು. ದಪ್ಪ ಬಣ್ಣದ ಏರುತಗ್ಗುಗಳ ಮೇಲೆ ಆ ಬೆರಳು ಮೆಲ್ಲಗೆ ಹರಿದಾಡಿತು. ಹೆಬ್ಬೆರಳು ಸಿಕ್ಕಿತು, ತೋರುಬೆರಳು ಸಿಕ್ಕಿತು.

"ಮೆಣಸಿನಕಾಯಿ ಬಿಡಿಸಿದ ದಿನಾನ ಇದು?"

"ಹೂಂರಿ."

ತೋಟವ್ವನ ಬೆರಳು ಅಲ್ಲೇ ನಿಂತಿತು.

"ಅವತ್ತು ಕೈ ಉರದು ಉರದು ಹೋಗಿತ್ತವಾ. ನಾ ಯಾರಿಗೂ ಹೇಳಿರ್ಲಿಲ್ಲ. ಹೇಳಿದ್ರ, ನಾನ ಬಿಡಸ್ತೀನಿ ಕೊಡ್ರಿ ಅಂತ ನೀ ಕುಂದರ್ತಿದ್ದಿ. ಬರಿಯೋ ಕೈ ಯಾಕ ಸುಡಬೇಕಂತ ಸುಮ್ಮನಿದ್ದೆ. ನಿನಗ ಗೊತ್ತಾಗಿತ್ತ?"

"ನೀವು ನೀರಾಗ ಕೈ ಅದ್ದಿದ್ದು ನೋಡಿದ್ದೆ."

"ಹಂಗಾರ ಇದು ನಾನ," ಎಂದಳು ತೋಟವ್ವ. ಬೆರಳನ್ನು ಮೇಲೆ ಕೆನ್ನೆಗೆ ಒಯ್ದು, "ಮಾರಿ ಮಾತ್ರ ಹಾಗಲಕಾಯಿನ, ಅದರಾಗೇನೂ ಸಂಶೇ ಇಲ್ಲ," ಎಂದು ನಕ್ಕಳು. ಕುಮುದಿನಿ ಅತ್ತೆಯ ಹೆಗಲಿಗೆ ಮುಖ ಒತ್ತಿಕೊಂಡಳು. ಅದೇ ಸಂಜೆ ಅಟ್ಟದಿಂದ ಬಣ್ಣದ ಪೆಟ್ಟಿಗೆ ಇಳಿಯಿತು.

ಆಮೇಲೆ ಇದ್ದಷ್ಟು ದಿನವೂ ತೋಟವ್ವ ತಲೆಗೆ ಎಣ್ಣೆ ಹಚ್ಚಿಕೊಂಡು ನನ್ನ ಮುಂದೆ ಬಂದು, ನನ್ನ ಕೈ ಮುಟ್ಟಿ ಹೋಗುತ್ತಿದ್ದಳು. ಕೆಂಪು ಬಣ್ಣ ಅಲ್ಲಿ ಸವೆದು, ಜಿಡ್ಡುಗಟ್ಟಿ ಮಂಕಾಯಿತು.

ಕುಮುದಿನಿಯ ಕೂದಲೂ ಪೂರ್ತಿ ಬೆಳ್ಳಗಾದ ಮೇಲೆ, ಹಳೆಯ ಚಿತ್ರಗಳನ್ನು ಕಾಪಾಡುವ ಸಿಂಧು ಎಂಬ ಹುಡುಗಿ ಮೈಸೂರಿನಿಂದ ಬಂದಳು. ನನ್ನನ್ನು ಅಲ್ಲಿನ ಚಿತ್ರಶಾಲೆಗೆ ಒಯ್ಯಬೇಕಿತ್ತು.

"ಎಕ್ಸ್‌ಪ್ರೆಷನಿಸ್ಟ್ ಶೈಲಿ ಅಂತಾರಲ್ಲ, ಅದೇ ಮೇಡಂ ಇದು. ಆ ಕಾಲಕ್ಕೆ ಇಂಥದ್ದು ಬರೆದಿದ್ದೀರಲ್ಲ! ಎಲ್ಲಾ ಚೆನ್ನಾಗಿದೆ, ಕೈ ಮೇಲೆ ಮಾತ್ರ ಜಿಡ್ಡು ಕೂತಿದೆ. ನಾನು ಕ್ಲೀನ್ ಮಾಡಿಕೊಡ್ತೀನಿ, ಹೊಸದರ ಹಾಗೆ ಆಗತ್ತೆ."

"ಅದೊಂದು ಬ್ಯಾಡವಾ," ಎಂದಳು ಕುಮುದಿನಿ. "ಅಷ್ಟು ಭಾಗ ನಾ ಬರದದ್ದಲ್ಲ. ನಮ್ಮ ಅತ್ತಿ ಬರದದ್ದು."

ಸಿಂಧು ಮೆತ್ತನೆಯ ಬಟ್ಟೆಯಿಂದ ನನ್ನ ಮುಖ, ಕೂದಲು ಒರೆಸಿದಳು. ಕೈಗಳ ಹತ್ತಿರ ಬಂದಾಗ ಬಟ್ಟೆ ಮಡಚಿಟ್ಟಳು.

ಈಗ ಚಿತ್ರಶಾಲೆಯ ಒಂದು ಮೂಲೆಯಲ್ಲಿದ್ದೇನೆ. ಮಕ್ಕಳು ನನ್ನನ್ನು ಹಸಿರಜ್ಜಿ ಎನ್ನುತ್ತಾರೆ. ಬೇವಿನ ಮರ ಇಲ್ಲಿಲ್ಲ, ಆದರೂ ಮಧ್ಯಾಹ್ನದ ತೂಕಡಿಕೆಯಲ್ಲಿ ಅದರ ನೆರಳು ಆಡಿದಂತಾಗುತ್ತದೆ. ಒಮ್ಮೊಮ್ಮೆ ನನ್ನ ಕೆಂಪು ಕೈಗಳ ಮೇಲೆ ಒಂದು ಬೆರಳು ಬಂದು ಕೂರುತ್ತದೆ. ಈಗಷ್ಟೇ ನೀರಿನಲ್ಲಿ ಅದ್ದಿ ತೆಗೆದ ಹಾಗೆ, ಅದು ತಣ್ಣಗಿರುತ್ತದೆ.